ಎಣ್ಣೆ ಪ್ಯಾಕೆಟ್ಟಿನ ಬಸ್ಸು

ಊರಿಂದ ಬಂದು ಎರಡು ದಿನ ಆಯ್ತು, ಹೊಟ್ಟೆ ಉರಿ ಇನ್ನೂ ಇಳಿದಿಲ್ಲ. ಬರೆದುಬಿಡ್ತೀನಿ.

ನಮ್ಮೂರಿನ ಅರಳಿಕಟ್ಟೆ ನಿಮಗೆ ಗೊತ್ತೇ ಇದೆ, ಫೋಟೋ ಹಾಕಿ ಹಾಕಿ ತಲೆ ತಿಂದಿದ್ದೀನಿ. ಅಲ್ಲಿ ಹುಡುಗರು ಬಸ್ಸಾಟ ಆಡ್ತಿದ್ರು. ಬಸ್ಸು ಯಾವುದು ಅಂತೀರಿ? 90 ಎಂಎಲ್ ವಿಸ್ಕಿಯ ಖಾಲಿ ಟೆಟ್ರಾ ಪ್ಯಾಕೆಟ್. ಅಡ್ಡ ಮಲಗಿಸಿ, ಕಡ್ಡಿ ಚುಚ್ಚಿ, ಸೋಡಾ ಮುಚ್ಚಳದ ಚಕ್ರ. ಕಿಟಕಿ ಇರಬೇಕಾದ ಜಾಗದಲ್ಲಿ ಆರೋಗ್ಯಕ್ಕೆ ಹಾನಿಕರ ಅನ್ನೋ ಎಚ್ಚರಿಕೆ. ನಮ್ಮಕ್ಕನ ಮಗ, ಆರು ವರ್ಷ, ಡ್ರೈವರ್ರು. "ಎಲ್ಲಿ ಸಿಕ್ತೋ ಇವು?" ಅಂದೆ. "ಅಂಗಡಿ ಹಿಂದೆ ರಾಶಿ ಬಿದ್ದಿದೆ ಮಾವ, ನಿಂಗೂ ಒಂದು ಬಸ್ ಬೇಕಾ?" ಅಂದ.

ಅಂಗಡಿ ಅಂದ್ರೆ ಬಾರಲ್ಲ ಸ್ವಾಮಿ. ಕಡ್ಲೆಬೇಳೆ, ಶಾಂಪೂ, ಬನ್ನು ಮಾರೋ ದಿನಸಿ ಅಂಗಡಿ. ಮಾರನೇ ದಿನ ಬೆಳಗ್ಗೆ ಆರೂವರೆಗೆ ಹಾಲಿಗೆ ಹೋದೆ. ನನ್ನ ಮುಂದಿದ್ದವರು ಬಾಯಿ ಬಿಡಲಿಲ್ಲ, ಎರಡು ಬೆರಳು ತೋರಿಸಿದ್ರು. ಅಕ್ಕಿ ಮೂಟೆ ಹಿಂದಿಂದ ಎರಡು ಪ್ಯಾಕೆಟ್ ಬಂತು. ಎಂಆರ್‌ಪಿ ಮೇಲೆ 20 ರೂಪಾಯಿ ಜಾಸ್ತಿ. ಇಷ್ಟು ಹೊತ್ತಿಗೆ ನಮ್ಮೂರಲ್ಲಿ ಬಿಪಿ ಮಾತ್ರೆ ಸಿಗಲ್ಲ.

ಲೈಸೆನ್ಸ್ ಇಲ್ಲದೆ ಮಾರೋದು ಅಪರಾಧ, ಸರಿ. ಆದ್ರೆ ಆ ಅಕ್ಕಿ ಮೂಟೆ ಸರಿಸೋರು ಯಾರು? 2025-26ರ ಬಜೆಟ್‌ನಲ್ಲಿ ಅಬಕಾರಿ ಇಲಾಖೆಗೆ ಕೊಟ್ಟ ಗುರಿ 40,000 ಕೋಟಿ. ಗುರಿ! ಇಂತಿಷ್ಟು ಆದಾಯ ಬರಲೇಬೇಕು ಅಂತ ಮೇಲಿಂದ ಬರೆದು ಕಳಿಸಿದ ಮೇಲೆ, ಮಾರೋ ಕೈ ಕಟ್ಟಿಹಾಕು ಅಂತ ಅದೇ ಇಲಾಖೆಗೆ ಹೇಳಿದ್ರೆ ಅದು ಯಾರ ಮಾತು ಕೇಳಬೇಕು? ಪಾನನಿಷೇಧಕ್ಕೆ ಸರ್ಕಾರ ಪ್ರಯತ್ನಪಡಬೇಕು ಅಂತ ಸಂವಿಧಾನದ 47ನೇ ವಿಧಿ ಇದೆಯಂತೆ. ಇರಲಿ ಬಿಡಿ, ಎಲ್ಲೋ ಅಕ್ಕಿ ಮೂಟೆ ಹಿಂದೆ ಇರಬಹುದು.

2025ರ ಮಾರ್ಚಲ್ಲಿ ನಮ್ಮ ತುರುವೇಕೆರೆ ಶಾಸಕರು ಸದನದಲ್ಲೇ ಕೇಳಿದ್ರಲ್ಲ, ಹೆಂಗಸರಿಗೆ 2,000 ರೂಪಾಯಿ, ಫ್ರೀ ಬಸ್ಸು ಕೊಟ್ರಿ, ಗಂಡಸರಿಗೆ ವಾರಕ್ಕೆರಡು ಬಾಟ್ಲಿ ಕೊಡಿ ಅಂತ. ಎಲ್ಲರೂ ಮೀಮ್ ಮಾಡಿದ್ರಿ, ನಾನೂ ಶೇರ್ ಮಾಡಿದೆ. ನಮ್ಮಮ್ಮನಿಗೆ ನಗು ಬರಲಿಲ್ಲ. "ಈ ಕೈಲಿ ಕೊಟ್ಟು ಆ ಕೈಲಿ ಕಿತ್ಕೊಳ್ಳೋದು ಸಾಲದೇನೋ ಇವರಿಗೆ?" ಅಂದ್ಲು.

ಅವಳು ಯಾಕೆ ನಗಲ್ಲ ಅಂತ ಇಲ್ಲಿ ಯಾವತ್ತೂ ಬರೆದಿಲ್ಲ. ಅಪ್ಪ ಕಾಯಿ ಸುಲಿಯೋ ಕೆಲಸಕ್ಕೆ ಹೋಗ್ತಿದ್ದ. ಸಂಜೆ ಸಾರಾಯಿ ಪ್ಯಾಕೆಟ್ಟಿನ ಮೂಲೆ ಕಚ್ಚಿ 'ಥೂ' ಅಂತ ಉಗಿದ ಸದ್ದು ಜಗಲಿಯಿಂದ ಬಂದ್ರೆ, ನಾನೂ ಅಕ್ಕನೂ ಪುಸ್ತಕ ಎತ್ಕೊಂಡು ಅಟ್ಟ ಹತ್ತೋವ್ರು. 2007ರ ಜುಲೈ 1ಕ್ಕೆ ಸಾರಾಯಿ ನಿಂತಾಗ ಅಮ್ಮ ಪಾಯಸ ಮಾಡಿದ್ಲು. ಒಂದೂವರೆ ತಿಂಗಳು ಅಪ್ಪ ಸೊಪ್ಪು, ಬಾಳೆಹಣ್ಣು ಹಿಡ್ಕೊಂಡು ಮನೆಗೆ ಬಂದ. ಆಮೇಲೆ ಚೀಪ್ ವಿಸ್ಕಿಗೆ ಹೋದ. ದುಡ್ಡು ಜಾಸ್ತಿ ಬೇಕಾಯ್ತು, ಅಮ್ಮನ ಓಲೆ ಹೋಯ್ತು. ಆರು ವರ್ಷಕ್ಕೆ ಲಿವರ್ ಕೈಕೊಡ್ತು. ಊರಿಗೆಲ್ಲ ಜಾಂಡೀಸ್ ಅಂದ್ವಿ. ಅಷ್ಟೇ, ಅದನ್ನ ಇನ್ನು ಎಳೆಯಲ್ಲ.

ಈಗ ಬುದ್ಧಿವಂತರು ಬರ್ತಾರೆ: ನಿಷೇಧ ಮಾಡಿದ್ರೆ ಕಳ್ಳಭಟ್ಟಿ ಬರುತ್ತೆ, ಬಿಹಾರ ನೋಡು. ಗೊತ್ತು ಮಾರಾಯರೇ. ಬಿಹಾರ ಯಾಕೆ, ಸಾರಾಯಿ ನಿಲ್ಲಿಸಿ ವರ್ಷ ತುಂಬೋದ್ರೊಳಗೆ, 2008ರ ಮೇನಲ್ಲಿ, ಕರ್ನಾಟಕ-ತಮಿಳುನಾಡು ಗಡಿ ಕಡೆ ಕಳ್ಳಭಟ್ಟಿಗೆ ನೂರಕ್ಕೂ ಹೆಚ್ಚು ಜನ ಸತ್ರು. ಆದ್ರೆ ನಾನೆಲ್ಲಿ ನಿಷೇಧ ಅಂದೆ? ದಿನಸಿ ಅಂಗಡೀಲಿ ಮಾರಬೇಡಿ, ಗುರಿ ಅಂತ ಬರೀಬೇಡಿ, ಮಕ್ಕಳ ಜ್ಯೂಸಿನ ಡಬ್ಬಿ ಥರ ಪ್ಯಾಕ್ ಮಾಡಬೇಡಿ ಅಂದ್ರೆ ಅದು ನಿಷೇಧವಾ? ಇಷ್ಟು ಕೇಳಿದ್ರೂ ಬಿಹಾರಕ್ಕೆ ಟಿಕೆಟ್ ಬುಕ್ ಮಾಡ್ತೀರಲ್ಲ.

ನಿಷೇಧವನ್ನೇ ಕೇಳಿದವರೂ ಇದ್ರು. 2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡ್ಕೊಂಡು ಬಂದ್ರು. ಅವತ್ತು ಟ್ರಾಫಿಕ್ಕಲ್ಲಿ ಸಿಕ್ಕಿಹಾಕ್ಕೊಂಡು "ಇವರಿಗೇನು ಕೆಲಸ ಇಲ್ವಾ" ಅಂತ ಬೈದವನು ನಾನೇ. ಕ್ಯಾಬಲ್ಲಿ ಎಸಿ ಹಾಕಿಸ್ಕೊಂಡು.

ಗೋವಾ ಫೋಟೋ ಹುಡುಕ್ತಿರೋರಿಗೆ: ಹೌದು, ನಾನೂ ಕುಡೀತೀನಿ. ಶನಿವಾರ ಎರಡು ಬಿಯರ್. ನಾವು ಕುಡಿದ್ರೆ ವೀಕೆಂಡು, ಅವರು ಕುಡಿದ್ರೆ ಕುಡುಕರು. ಯಾವ ಪ್ರಮಾಣವೂ ಸುರಕ್ಷಿತ ಅಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲೇ ಹೇಳಿದೆ, ಅದು ನನಗೂ ಸೇರಿಸಿಯೇ. ಟಿವೀಲಿ ಮದ್ಯದ ಜಾಹೀರಾತಿಗೆ ನಿರ್ಬಂಧ ಬಂದು ಕಾಲು ಶತಮಾನ ಆಯ್ತು, ಆದ್ರೂ ಸೋಡಾ, ಮ್ಯೂಸಿಕ್ ಸಿಡಿ ಅಂತ ಅದೇ ಹೆಸರು, ಅದೇ ಬಣ್ಣ. ಯಾರಾದ್ರೂ ಆ ಸಿಡಿ ಕೊಂಡಿದ್ರೆ ದಯವಿಟ್ಟು ತೋರಿಸಿ. ನಮ್ಮ ಡ್ರೈವರ್ ಸಾಹೇಬ್ರು ಹಾಕ್ಕೊಂಡಿದ್ದ ಕೆಂಪು ಜೆರ್ಸಿ ಇದೆಯಲ್ಲ, ಆ ಆರ್‌ಸಿಬಿ ಹೆಸರು ಬಂದಿದ್ದೂ ರಾಯಲ್ ಚಾಲೆಂಜ್ ಅನ್ನೋ ವಿಸ್ಕಿಯಿಂದಲೇ. ಜೆರ್ಸಿ ಕೊಡಿಸಿದವನು ನಾನು.

ಹೊರಡೋ ಮುಂಚೆ ತಿಪಟೂರಿಗೆ ಹೋಗಿ ಅವನಿಗೊಂದು ಪ್ಲಾಸ್ಟಿಕ್ ಬಸ್ಸು ತಂದುಕೊಟ್ಟೆ, ದೊಡ್ಡದು. ಇವತ್ತು ಬೆಳಗ್ಗೆ ಅಕ್ಕ ಫೋನ್ ಮಾಡಿದ್ಲು. ಅದನ್ನ ಮುಂದೆ ಇಟ್ಟು, ಹಿಂದೆ ಆ ಪ್ಯಾಕೆಟ್ಟುಗಳನ್ನೆಲ್ಲ ದಾರದಲ್ಲಿ ಕಟ್ಟಿದಾನಂತೆ. ಈಗ ಅದು ಬಸ್ಸಲ್ಲವಂತೆ, ರೈಲಂತೆ. ಇನ್ನೂ ಬೋಗಿ ಬೇಕು ಅಂತ ಅಂಗಡಿ ಹಿಂದಕ್ಕೆ ಹೋಗಿದಾನಂತೆ.