ಪೌಂಡ್ ಏರಿದಾಗ ಮಾತ್ರ ನೆನಪಾಗುವ ರೇಟು

ಹೋದ ತಿಂಗಳು ಊರಿಂದ ದೊಡ್ಡಪ್ಪನ ಮಗ ಫೋನ್ ಮಾಡಿದ್ದ. ಊರ ದೇವಸ್ಥಾನದ ಜೀರ್ಣೋದ್ಧಾರ ಶುರುವಾಗಿದೆ. ಮಳೆ, ಅಡಿಕೆ, ಮಕ್ಕಳ ಓದು ಎಲ್ಲ ಮಾತಾಡಿದ ಮೇಲೆ ವಿಷಯಕ್ಕೆ ಬಂದ. "ನಿನ್ನ ಹೆಸರಲ್ಲಿ ಎರಡೂವರೆ ಲಕ್ಷ ಬರ್ಕೊಂಡಿದೀವಿ ಮಾರಾಯ. ಪೌಂಡ್ ಈಗ ನೂರಹತ್ತು ದಾಟಿದೆಯಂತಲ್ಲ, ನಿಂಗೇನು ಭಾರ ಆಗಲ್ಲ ಬಿಡು" ಅಂದ. ಬೆಂಗಳೂರಿನಲ್ಲಿರುವ ನನ್ನ ತಮ್ಮನ ಹೆಸರಿಗೆ ಬರೆದಿರುವುದು ಐವತ್ತು ಸಾವಿರ. ಅವನ ಸಂಬಳವೇನೂ ಕಡಿಮೆಯಲ್ಲ.

ದೇವರ ಕೆಲಸಕ್ಕೆ ಕೊಡುವುದಕ್ಕೆ ನನಗೆ ಬೇಜಾರಿಲ್ಲ. ಮನಸ್ಸಿಗೆ ಚುಚ್ಚಿದ್ದು ಆ ರೇಟಿನ ಮಾತು. ನಾನು ಇಲ್ಲಿ ಬಾಡಿಗೆ ಕಟ್ಟುವುದು ಪೌಂಡಿನಲ್ಲಿ, ಹಾಲು ಬ್ರೆಡ್ಡು ಕೊಳ್ಳುವುದು ಪೌಂಡಿನಲ್ಲಿ. ಅಲ್ಲಿ ಕೂತು ಗುಣಿಸಿದರೆ ನನ್ನ ಜೇಬು ದೊಡ್ಡದಾಗುವುದಿಲ್ಲ.

ನಾನಿರುವುದು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ. ಇಲ್ಲಿ ಬೇಸಿಗೆ ಬಂತೆಂದರೆ ಆಫೀಸಿನ ಊಟದ ಹೊತ್ತಿನಲ್ಲಿ ಫುಟ್‌ಬಾಲ್ ಟ್ರಾನ್ಸ್‌ಫರ್ ಬಿಟ್ಟು ಬೇರೆ ಮಾತಿಲ್ಲ. ಯಾವ ಆಟಗಾರ ಯಾವ ಕ್ಲಬ್ಬಿಗೆ ಹೋಗುತ್ತಾನೆ, ಎಷ್ಟಕ್ಕೆ ಹೋಗುತ್ತಾನೆ. ದೊಡ್ಡಪ್ಪನ ಮಗನ ಫೋನ್ ಬಂದ ಮಾರನೇ ದಿನ ನನ್ನ ಪಕ್ಕದ ಮೇಜಿನವರು, ಮ್ಯಾಂಚೆಸ್ಟರ್ ಯುನೈಟೆಡ್ ಕ್ಲಬ್ಬಿನ ಕಟ್ಟಾ ಅಭಿಮಾನಿ, ಒಂದು ದೂರು ಹೇಳುತ್ತಿದ್ದರು. ಕೊಳ್ಳಲು ಬಂದಿರುವುದು ಇಂಗ್ಲೆಂಡಿನ ಕ್ಲಬ್ ಅಂತ ಗೊತ್ತಾದರೆ ಸಾಕು, ಯುರೋಪಿನವರು ಬೆಲೆ ಏರಿಸುತ್ತಾರೆ. ಇಂಗ್ಲೆಂಡಿನ ದೊಡ್ಡ ಕ್ಲಬ್ಬುಗಳು ಆಡುವ ಪ್ರೀಮಿಯರ್ ಲೀಗಿಗೆ ಬರುವ ಟೀವಿ ದುಡ್ಡು ಎಲ್ಲರ ಕಣ್ಣಿಗೂ ಕಾಣುತ್ತದಲ್ಲ. ನನಗೆ ನಮ್ಮೂರಿನ ಚಂದಾ ಪಟ್ಟಿಯೇ ಕಣ್ಣ ಮುಂದೆ ಬಂತು.

ಮುಖ ನೋಡಿ ಬೆಲೆ ಹೇಳುವುದು ಎರಡೂ ಕಡೆ ಇದೆ. ಆದರೆ ಬೆಲೆ ಹೇಳಿದ ಮೇಲೆ ಫುಟ್‌ಬಾಲಿನವರಲ್ಲಿ ಇನ್ನೊಂದು ಮಾತುಕತೆ ನಡೆಯುತ್ತದೆ. ಯಾವ ದುಡ್ಡಿನಲ್ಲಿ ಕೊಡಬೇಕು? ಎಷ್ಟು ಕಂತು? ಯಾವ ತಾರೀಖಿಗೆ? ನಡುವೆ ರೇಟು ಬಿದ್ದರೆ ಆ ಹೊರೆ ಯಾರದು? ಇದನ್ನು ಕೇಳುವುದಕ್ಕೆ ಯಾರೂ ನಾಚಿಕೊಳ್ಳುವುದಿಲ್ಲ. ಕೇಳಿದರೆ ಯಾರಿಗೂ ಮುನಿಸು ಬರುವುದಿಲ್ಲ.

ಫ್ರಾನ್ಸಿನ ಆಟಗಾರ ಪಾಲ್ ಪೋಗ್ಬಾನ ವ್ಯವಹಾರವನ್ನೇ ನೋಡಿ. 2016ರ ಜೂನ್ 23ರಂದು ಬ್ರಿಟನ್ನಿನಲ್ಲಿ ಬ್ರೆಕ್ಸಿಟ್ ಮತದಾನ, ಅಂದರೆ ಯುರೋಪಿಯನ್ ಒಕ್ಕೂಟ ಬಿಡಬೇಕೇ ಅನ್ನುವ ಮತದಾನ ಆಯಿತು. ಅವತ್ತು ಒಂದು ಪೌಂಡಿಗೆ ಸುಮಾರು 1.30 ಯೂರೋ ಸಿಗುತ್ತಿತ್ತು. ಆಗಸ್ಟ್ ಹೊತ್ತಿಗೆ ಅದು 1.17ರ ಆಸುಪಾಸಿಗೆ ಬಿದ್ದಿತ್ತು. ಅದೇ ಆಗಸ್ಟಿನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಇಟಲಿಯ ಯುವೆಂಟಸ್‌ನಿಂದ ಪೋಗ್ಬಾನನ್ನು ಕೊಂಡಿತು. ಯುವೆಂಟಸ್ ಕೇಳಿದ್ದು 105 ಮಿಲಿಯನ್ ಯೂರೋ. ಪೌಂಡಿನ ಲೆಕ್ಕದಲ್ಲಿ 89 ಮಿಲಿಯನ್. ಮತದಾನಕ್ಕೆ ಮುಂಚಿನ ರೇಟಾಗಿದ್ದರೆ ಸುಮಾರು 81 ಮಿಲಿಯನ್ನಿಗೆ ಮುಗಿಯುತ್ತಿತ್ತು. ಆಟಗಾರ ಅದೇ, ಕೇಳಿದ ಯೂರೋ ಅಷ್ಟೇ. ಎರಡು ತಿಂಗಳೂ ತುಂಬದ ಅವಧಿಯಲ್ಲಿ ಬರೀ ರೇಟಿನಿಂದ 8 ಮಿಲಿಯನ್ ಪೌಂಡ್ ಜಾಸ್ತಿ ಆಯಿತು! ನಾಲ್ಕು ವರ್ಷದ ಹಿಂದೆ, 2012ರಲ್ಲಿ, ಇದೇ ಹುಡುಗನನ್ನು ಯುನೈಟೆಡ್ ಹೆಚ್ಚುಕಡಿಮೆ ಪುಕ್ಕಟೆ ಬಿಟ್ಟುಕೊಟ್ಟಿತ್ತು ಅನ್ನುವುದು ಬೇರೆ ಸಂಕಟ.

ನನಗೆ ಹಿಡಿಸಿದ್ದು ಆಮೇಲೆ ನಡೆದದ್ದು. ಯುವೆಂಟಸ್ ಷೇರುಪೇಟೆಯಲ್ಲಿರುವ ಕಂಪನಿ. ಎಷ್ಟು ಬರುತ್ತದೆ, ಎರಡು ವರ್ಷದಲ್ಲಿ ಹೇಗೆ ಬರುತ್ತದೆ, ಬೋನಸ್ ಎಷ್ಟು ಅಂತ ಅದು ಪ್ರಕಟಣೆ ಕೊಟ್ಟಿತು. ಯುನೈಟೆಡ್ ಕೂಡ 2012ರಿಂದ ನ್ಯೂಯಾರ್ಕ್ ಷೇರುಪೇಟೆಯಲ್ಲಿದೆ. ಅದರ ಸಾಲದಲ್ಲಿ ಬಹುಪಾಲು ಡಾಲರಿನಲ್ಲಿದೆ. ಪೌಂಡ್ ಬಿದ್ದರೆ ಆ ಸಾಲ ಎಷ್ಟು ಬೆಳೆಯುತ್ತದೆ ಅನ್ನುವುದನ್ನು ವಾರ್ಷಿಕ ವರದಿಯಲ್ಲಿ ಅವರೇ ಬರೆಯುತ್ತಾರೆ. ಮುಂದಿನ ವರ್ಷ ಕೊಡಬೇಕಾದ ಯೂರೋಗೆ ಇವತ್ತೇ ಬ್ಯಾಂಕಿನ ಹತ್ತಿರ ರೇಟು ಗೊತ್ತುಮಾಡಿಕೊಳ್ಳುವ ಪದ್ಧತಿ ಇದೆ, ಫಾರ್ವರ್ಡ್ ಅನ್ನುತ್ತಾರೆ. ಆಮೇಲೆ ಪೌಂಡ್ ಎಲ್ಲಿಗೆ ಹೋದರೂ ಕೊಡುವುದು ಅಷ್ಟೇ. ಪೌಂಡ್ ಏರಿದರೆ ಲಾಭ ಕೈತಪ್ಪುತ್ತದೆ, ಬಿದ್ದರೆ ನಿದ್ದೆ ಕೆಡುವುದಿಲ್ಲ.

ರೇಟು ಇವರನ್ನು ಒಂದೇ ಕಡೆಗೆ ತಳ್ಳಿದ್ದೂ ಅಲ್ಲ. 2009ರಲ್ಲಿ ಇದೇ ಯುನೈಟೆಡ್ ಕ್ರಿಸ್ಟಿಯಾನೊ ರೊನಾಲ್ಡೊನನ್ನು ಸ್ಪೇನಿನ ರಿಯಲ್ ಮ್ಯಾಡ್ರಿಡ್ ಕ್ಲಬ್ಬಿಗೆ 80 ಮಿಲಿಯನ್ ಪೌಂಡಿಗೆ ಮಾರಿತು. ಆಗ ಪೌಂಡ್ ಸೊರಗಿತ್ತು. ಮ್ಯಾಡ್ರಿಡ್‌ಗೆ ಬಿದ್ದದ್ದು 94 ಮಿಲಿಯನ್ ಯೂರೋ. 2007ರ ಶುರುವಿನ ರೇಟಿದ್ದಿದ್ದರೆ ಅದೇ 80 ಮಿಲಿಯನ್ನಿಗೆ ಅವರು 115 ಮಿಲಿಯನ್ ಯೂರೋಗಿಂತ ಜಾಸ್ತಿ ತೆರಬೇಕಿತ್ತು. ಒಮ್ಮೆ ಕೊಳ್ಳುವ ಇಂಗ್ಲೆಂಡಿನವರಿಗೆ ಪೆಟ್ಟು, ಒಮ್ಮೆ ಕೊಳ್ಳುವ ಸ್ಪೇನಿನವರಿಗೆ ಅನುಕೂಲ. ಅದನ್ನು ಹಾಗೇ ನೋಡುತ್ತಾರೆ.

ನಮ್ಮಲ್ಲಿ ರೇಟು ನೆನಪಾಗುವುದು ಏರಿದಾಗ ಮಾತ್ರ. ಅದೇ 2016ರ ಜೂನ್‌ನಲ್ಲಿ ಪೌಂಡಿಗೆ ಸುಮಾರು 100 ರೂಪಾಯಿ ಇತ್ತು. ಅಕ್ಟೋಬರಿಗೆ 82ರ ಹತ್ತಿರ ಬಂತು. ನಾನು ಕಳಿಸುವ ಪ್ರತಿ ನೂರು ರೂಪಾಯಿಯಲ್ಲಿ ಹದಿನೆಂಟು ರೂಪಾಯಿ ಹೋಯಿತು. ಅವತ್ತು ಊರಿಂದ ಯಾರೂ ಫೋನ್ ಮಾಡಿ "ಪೌಂಡ್ ಬಿದ್ದಿದೆಯಂತೆ, ಸ್ವಲ್ಪ ಕಡಿಮೆ ಕಳಿಸು" ಅನ್ನಲಿಲ್ಲ. ಹೊರಗಿರುವ ಯಾವ ಕನ್ನಡಿಗನನ್ನು ಬೇಕಾದರೂ ಕೇಳಿ. ಸಂಪಾದನೆ ಒಂದು ದುಡ್ಡಿನಲ್ಲಿ, ಕೊಟ್ಟ ಮಾತು ಇನ್ನೊಂದು ದುಡ್ಡಿನಲ್ಲಿ.

ಆ ಕಷ್ಟ ಏನು ಅಂತ ಟರ್ಕಿಯ ಕ್ಲಬ್ಬುಗಳಿಗೆ ಚೆನ್ನಾಗಿ ಗೊತ್ತು. ಟಿಕೆಟ್ಟಿನ ದುಡ್ಡು ಲೀರಾದಲ್ಲಿ ಬರುತ್ತದೆ, ವಿದೇಶಿ ಆಟಗಾರರಿಗೆ ಸಂಬಳ ಯೂರೋದಲ್ಲಿ ಹೋಗುತ್ತದೆ. 2018ರ ಶುರುವಿನಲ್ಲಿ ಒಂದು ಯೂರೋಗೆ ಸುಮಾರು 4.5 ಲೀರಾ ಇತ್ತು. 2021ರ ಕೊನೆಗೆ 15 ದಾಟಿತು. ಸಂಬಳ ಒಂದು ಪೈಸೆ ಏರಿಸದೆ ಇದ್ದರೂ ಹೊರೆ ಮೂರು ಪಟ್ಟಾಯಿತು. ಆದರೂ ಅಲ್ಲಿ ಕೈಯಲ್ಲಿ ಕರಾರು ಇತ್ತು. ಎಷ್ಟು ಬಾಕಿ, ಯಾರಿಗೆ ಬಾಕಿ ಅಂತ ಲೆಕ್ಕವಾದರೂ ಸಿಗುತ್ತಿತ್ತು.

ನಮ್ಮಲ್ಲಿ ಆ ಕರಾರಿನ ಮಾತೆತ್ತಿದರೇ ತಪ್ಪು. "ಮನೆಯವರ ಹತ್ರ ಎಂಥ ಲೆಕ್ಕ?" ಅನ್ನುತ್ತಾರೆ. ಲೆಸ್ಟರಿನಲ್ಲಿರುವ ಹಾಸನ ಕಡೆಯ ಗೆಳೆಯರೊಬ್ಬರು ಊರಲ್ಲಿ ಮನೆ ಕಟ್ಟಿಸಿದರು. ಉಸ್ತುವಾರಿ ಭಾವನದು. ತಳಪಾಯಕ್ಕೆ ಇಷ್ಟು, ಮೋಲ್ಡಿಗೆ ಇಷ್ಟು ಅಂತ ಮೊದಲೇ ಬರೆದುಕೊಂಡು, ಮೂರು ತಿಂಗಳಿಗೊಮ್ಮೆ ಕಳಿಸಿದರೆ ಆಗುತ್ತಿತ್ತು. ಒಳ್ಳೇ ರೇಟು ಸಿಕ್ಕ ದಿನ ಒಟ್ಟಿಗೆ ಕಳಿಸಬಹುದಿತ್ತು. ಭಾವ ಬರೆಯಲಿಲ್ಲ, ಇವರು ಕೇಳಲಿಲ್ಲ. ಪ್ರತಿ ಸಲವೂ "ನಾಳೆ ಕಬ್ಬಿಣ ಬರುತ್ತೆ, ಇವತ್ತೇ ಹಾಕು." ರೇಟು ಬಿದ್ದ ದಿನವೇ ಕಳಿಸಬೇಕಾಗಿ ಬಂತು. ಮನೆ ಎದ್ದಿತು, ಆದರೆ ಅಕ್ಕನ ಮನೆಗೆ ಹೋಗಿ ಬರುವುದು ನಿಂತಿತು. ಭಾವ ದುಡ್ಡು ತಿಂದರು ಅಂತ ಗೆಳೆಯರು ಇವತ್ತಿಗೂ ಹೇಳುವುದಿಲ್ಲ. ತಿಂದಿಲ್ಲ ಅಂತ ತೋರಿಸಲು ಭಾವನ ಹತ್ತಿರವೂ ಒಂದು ಚೀಟಿ ಇಲ್ಲ. ಲೆಕ್ಕ ಇಡದೆ ಉಳಿಸಿಕೊಂಡ ಸಂಬಂಧ ಯಾವುದು, ನೀವೇ ಹೇಳಿ.

ಫುಟ್‌ಬಾಲಿನವರೆಲ್ಲ ಹರಿಶ್ಚಂದ್ರರು ಅಂತ ನಾನೇನೂ ಹೇಳುತ್ತಿಲ್ಲ. 2013ರಲ್ಲಿ ಲಂಡನ್ನಿನ ಟಾಟನ್‌ಹ್ಯಾಮ್ ಕ್ಲಬ್ಬಿನಿಂದ ಗ್ಯಾರೆತ್ ಬೇಲ್‌ನನ್ನು ಕೊಂಡಾಗ ಮ್ಯಾಡ್ರಿಡ್ ಕಡೆಯಿಂದ ಬಂದ ಅಂಕಿ 91 ಮಿಲಿಯನ್ ಯೂರೋ. ರೊನಾಲ್ಡೊನ ದಾಖಲೆಗಿಂತ ಸ್ವಲ್ಪ ಕಡಿಮೆ. 2016ರಲ್ಲಿ ಆ ಕರಾರಿನ ಕಾಗದ ಸೋರಿದಾಗ ಅದು 100 ಮಿಲಿಯನ್ ದಾಟಿದ್ದು ಗೊತ್ತಾಯಿತು. ಏಜೆಂಟರು ನಡುವೆ ನಿಂತು ತೆಗೆದುಕೊಳ್ಳುವುದೂ ಸಣ್ಣ ಮೊತ್ತವಲ್ಲ. ಇಪ್ಪತ್ತರ ಹುಡುಗನನ್ನು ರಾತ್ರೋರಾತ್ರಿ ಒಂದು ದೇಶದಿಂದ ಇನ್ನೊಂದಕ್ಕೆ ಸಾಗಿಸುವಾಗ ಅವನ ತಾಯಿಗೆ ಏನನ್ನಿಸಿತು ಅಂತ ಯಾವ ಕರಾರಿನಲ್ಲೂ ಬರೆದಿರುವುದಿಲ್ಲ.

ಇನ್ನೊಂದನ್ನೂ ಹೇಳಲೇಬೇಕು, ನನ್ನ ವಾದಕ್ಕೆ ಅದು ಅನುಕೂಲವಲ್ಲದಿದ್ದರೂ. ಪೌಂಡ್ ಬಿದ್ದ ಆ ವರ್ಷ ನಾನು ಶಿವಮೊಗ್ಗದಲ್ಲಿ ಒಂದು ಸೈಟಿಗೆ ಕಂತು ಕಟ್ಟುತ್ತಿದ್ದೆ. ಮಾರಿದವರು ನನಗೆ ಪಾಠ ಹೇಳಿದ ಮೇಷ್ಟ್ರು. ಅಡ್ವಾನ್ಸ್ ಕೊಟ್ಟಿದ್ದೆ, ಬಾಕಿಯದೆಲ್ಲ ಬಾಯಿಮಾತು. ಕಂತು ತುಂಬಲು ಆಗದೆ ಫೋನ್ ಮಾಡಿದೆ. "ನಿಂಗೆ ಅನುಕೂಲ ಆದಾಗ ಕೊಡೋ, ಸೈಟು ಎಲ್ಲಿಗೂ ಓಡಿಹೋಗಲ್ಲ" ಅಂದರು. ಬಡ್ಡಿಯ ಮಾತೇ ಆಡಲಿಲ್ಲ. ನಡುವೆ ಬೇರೆಯವರು ಜಾಸ್ತಿ ಬೆಲೆಗೆ ಕೇಳಿದರೂ ಕೊಡಲಿಲ್ಲ ಅಂತ ಆಮೇಲೆ ತಿಳಿಯಿತು. ಫುಟ್‌ಬಾಲಿನಲ್ಲಿ ಒಂದು ಕ್ಲಬ್ ಇನ್ನೊಂದಕ್ಕೆ ಕಂತು ಬಾಕಿ ಇಟ್ಟರೆ ದೂರು ಫುಟ್‌ಬಾಲಿನ ಜಾಗತಿಕ ಸಂಸ್ಥೆ ಫಿಫಾಗೆ ಹೋಗುತ್ತದೆ. ಹೊಸ ಆಟಗಾರರ ನೋಂದಣಿಯನ್ನೇ ಫಿಫಾ ತಡೆಯಬಹುದು. ಅಂಥ ಕಡೆ ಮೇಷ್ಟ್ರಂಥವರು ಸಿಗುವುದಿಲ್ಲ, ಒಪ್ಪುತ್ತೇನೆ.

ಆದರೆ ಮೇಷ್ಟ್ರಿಗೆ ಆಗ ಎಪ್ಪತ್ತು ದಾಟಿತ್ತು. ಮಗಳ ಮದುವೆಯ ಸಾಲ ತೀರಿಸುವುದಕ್ಕೇ ಆ ಸೈಟು ಮಾರಿದ್ದು. ನಾನು ತಡ ಮಾಡಿದಷ್ಟು ದಿನ ಅವರು ಆ ಸಾಲಕ್ಕೆ ಬಡ್ಡಿ ಕಟ್ಟಿದರು. ಅಂದರೆ ಪೌಂಡ್ ಬಿದ್ದ ಹೊರೆಯನ್ನು ಹೊತ್ತವರು ಇಂಗ್ಲೆಂಡನ್ನೇ ನೋಡದ ಆ ಮುದುಕರು. ಮೊದಲ ದಿನವೇ ಕೂತು, ರೇಟು ಇಷ್ಟಕ್ಕಿಂತ ಕೆಳಗೆ ಹೋದರೆ ಕಂತು ಇಷ್ಟು, ತಡವಾದರೆ ಬಡ್ಡಿ ಇಷ್ಟು ಅಂತ ಒಂದು ಹಾಳೆಯಲ್ಲಿ ಬರೆದಿದ್ದರೆ ಅವರಿಗೆ ನಷ್ಟವಾಗುತ್ತಿರಲಿಲ್ಲ. ಆ ನಡುವೆ ನನಗೇನಾದರೂ ಆಗಿದ್ದರೆ ಬಾಕಿಯನ್ನು ಅವರು ಯಾರ ಹತ್ತಿರ, ಏನು ತೋರಿಸಿ ಕೇಳಬೇಕಿತ್ತು?