ಸತ್ಯಾಂಶ: ಮೊದಲ ಮಹಾಯುದ್ಧದ ಪೈಲಟ್‌ಗಳು ಪ್ಯಾರಾಚೂಟ್ ಬೇಡವೆಂದರೇ?

‘ಅಂದಿನ ಪೈಲಟ್‌ಗಳು ಎಷ್ಟು ಧೀರರೆಂದರೆ ಪ್ಯಾರಾಚೂಟನ್ನೇ ನಿರಾಕರಿಸಿದರು’ ಎಂಬ ಸಂದೇಶ ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು. ಬ್ರಿಟಿಷ್ ಯುದ್ಧವಿಮಾನದ ಪೈಲಟ್‌ಗಳಿಗೆ ಯುದ್ಧ ಮುಗಿಯುವವರೆಗೂ ಪ್ಯಾರಾಚೂಟ್ ಕೊಟ್ಟಿರಲೇ ಇಲ್ಲ.

ವೀಕ್ಷಣಾ ಬಲೂನಿನವರಿಗೆ ಮಾತ್ರ ಇತ್ತು. ಬುಟ್ಟಿಯ ಹೊರಗೆ ತೂಗುಬಿಟ್ಟ ಚೀಲದಲ್ಲಿ ಅದನ್ನು ಮಡಚಿಡುತ್ತಿದ್ದರು. ಹಾರಿದವರ ದೇಹಭಾರವೇ ಅದನ್ನು ಹೊರಗೆಳೆಯುತ್ತಿತ್ತು. ನಿಂತಲ್ಲೇ ನಿಂತ ಬಲೂನಿಗೆ ಇದು ಸರಿ. ಗಿರಕಿ ಹೊಡೆಯುತ್ತ ಬೀಳುವ ವಿಮಾನದಲ್ಲಿ ಹಗ್ಗ ಬಾಲಕ್ಕೆ ಸಿಕ್ಕಿಕೊಳ್ಳುವ ಅಪಾಯ. ಇಕ್ಕಟ್ಟಾದ ಕಾಕ್‌ಪಿಟ್, ಹೆಚ್ಚುವರಿ ತೂಕ ಬೇರೆ.

ಜರ್ಮನರು 1918ರಲ್ಲಿ ಸೀಟಿನ ದಿಂಬಿನಂತೆ ಕೂರುವ ಹೈನೆಕೆ ಪ್ಯಾರಾಚೂಟ್ ಕೊಟ್ಟರು. ಆ ಜೂನ್‌ನಲ್ಲಿ ಜರ್ಮನ್ ಪೈಲಟ್ ಅರ್ನ್‌ಸ್ಟ್ ಊಡೆಟ್ ವಿಮಾನದಿಂದ ಜಿಗಿದಾಗ ಪ್ಯಾರಾಚೂಟಿನ ಪಟ್ಟಿ ಬಾಲದ ಚುಕ್ಕಾಣಿಗೆ ಸಿಕ್ಕಿಕೊಂಡಿತು. ಚುಕ್ಕಾಣಿಯ ತುದಿ ಮುರಿದು ಬಿಡಿಸಿಕೊಂಡು ಬದುಕಿದರು. ಆಗಸ್ಟ್‌ನಲ್ಲಿ ಇನ್ನೊಬ್ಬ ಜರ್ಮನ್ ಪೈಲಟ್ ಲೋವೆನ್‌ಹಾರ್ಟ್ ಜಿಗಿದರು, ಅವರ ಪ್ಯಾರಾಚೂಟ್ ಬಿಚ್ಚಿಕೊಳ್ಳಲಿಲ್ಲ.

ಕೋಲ್ಕತ್ತದಲ್ಲಿ ಹುಟ್ಟಿ ಬ್ರಿಟಿಷ್ ವಾಯುಪಡೆಯ ಪೈಲಟ್ ಆಗಿದ್ದ ಇಂದ್ರಲಾಲ್ ರಾಯ್ ಹಾರಿಸುತ್ತಿದ್ದ ಎಸ್.ಇ.5ಎ ಯುದ್ಧವಿಮಾನದಲ್ಲಿ ಪೆಟ್ರೋಲ್ ಟ್ಯಾಂಕ್ ಪೈಲಟ್‌ನ ಎದುರಿಗೇ, ಎಂಜಿನ್ನಿನ ಹಿಂದೆ. ಬೆಂಕಿ ಹೊತ್ತಿದರೆ ಗಾಳಿ ಜ್ವಾಲೆಯನ್ನು ಮುಖಕ್ಕೇ ತಳ್ಳುತ್ತದೆ. 1918ರ ಜುಲೈನಲ್ಲಿ ಎರಡೇ ವಾರಗಳೊಳಗೆ ಶತ್ರುವಿಮಾನಗಳ ವಿರುದ್ಧ 10 ಗೆಲುವು ಪಡೆದ ರಾಯ್, 22ರಂದು ಹೊತ್ತಿ ಉರಿದ ವಿಮಾನದೊಂದಿಗೇ ಬಿದ್ದು ಮಡಿದರು. ವಯಸ್ಸು 19. ಇಳಿಯುವ ದಾರಿಯಿಲ್ಲವೆಂದು ತಿಳಿದೇ ಅವರು ಪ್ರತಿದಿನ ಹತ್ತುತ್ತಿದ್ದರು.