ಸತ್ಯಾಂಶ: ಚಾವಣಿ ಸೋಲಾರ್ ಪೂರ್ತಿ ಉಚಿತವೇ?

‘ಸರ್ಕಾರ ಮನೆಗೂ ಅಂಗಡಿಗೂ ಸೋಲಾರ್ ಪುಕ್ಕಟೆ ಹಾಕಿಸುತ್ತಿದೆ, ಈ ಲಿಂಕ್ ಒತ್ತಿ ನೋಂದಣಿ ಶುಲ್ಕ ಕಟ್ಟಿ’ ಎಂಬ ಸಂದೇಶ ಮತ್ತೆ ಮತ್ತೆ ಬರುತ್ತಿರುತ್ತದೆ. ಇದು ಸರಿಯಲ್ಲ. ಕೇಂದ್ರದ ಪಿಎಂ ಸೂರ್ಯಘರ್ ಯೋಜನೆಯ ಹೆಸರಲ್ಲೇ ‘ಮುಫ್ತ್ ಬಿಜ್ಲಿ’ (ಉಚಿತ ವಿದ್ಯುತ್) ಎಂದಿರುವಾಗ ನಂಬಿದವರನ್ನು ದೂರುವಂತೆಯೂ ಇಲ್ಲ.

2024ರಲ್ಲಿ ಶುರುವಾದ ಈ ಯೋಜನೆ ಕೊಡುವುದು ಸಬ್ಸಿಡಿ: 1 ಕಿಲೋವ್ಯಾಟ್‌ಗೆ 30,000 ರೂ., 2ಕ್ಕೆ 60,000, 3 ಅಥವಾ ಹೆಚ್ಚಿಗೆ 78,000. ಅದೂ ಗೃಹಬಳಕೆಯ ಸಂಪರ್ಕಕ್ಕೆ ಮಾತ್ರ. ವಾಣಿಜ್ಯ ಮೀಟರಿನ ಅಂಗಡಿಗೆ ಇಲ್ಲ. 3 ಕಿಲೋವ್ಯಾಟ್‌ಗೆ ಖರ್ಚು ಸುಮಾರು ಒಂದೂವರೆಯಿಂದ ಎರಡು ಲಕ್ಷ. ಉಳಿದದ್ದು ನಿಮ್ಮ ಕೈಯಿಂದ, ಇಲ್ಲವೇ ಬ್ಯಾಂಕ್ ಸಾಲದಿಂದ. 1 ಲಕ್ಷವನ್ನು ಶೇ 7ರ ಬಡ್ಡಿಗೆ 10 ವರ್ಷಕ್ಕೆ ಪಡೆದರೆ ಕಂತು ತಿಂಗಳಿಗೆ ಸುಮಾರು 1,160 ರೂ. ಪ್ಯಾನೆಲ್ ಕೂತು, ಕೊಟ್ಟ-ಪಡೆದ ವಿದ್ಯುತ್ತನ್ನು ಅಳೆಯುವ ನೆಟ್ ಮೀಟರ್ ಅಳವಡಿಸಿದ ಮೇಲಷ್ಟೇ ಸಬ್ಸಿಡಿ ಖಾತೆಗೆ ಬರುತ್ತದೆ.

ಲಿಂಕ್ ಪರೀಕ್ಷಿಸುವುದು ಸುಲಭ. ವಿಳಾಸದಲ್ಲಿ ಮೊದಲ ಒಂಟಿ ಓರೆಗೆರೆಗೆ (/) ತಾಗಿಕೊಂಡು, ಅದಕ್ಕಿಂತ ಮೊದಲು, ಚುಕ್ಕೆಯ ಸಮೇತ ‘.gov.in’ ಇರಬೇಕು; ನಡುವೆಲ್ಲೋ ಇದ್ದರೆ ಸಾಲದು. ಅಸಲಿ ಪೋರ್ಟಲ್ ಬಿಲ್ಲಿನ ಗ್ರಾಹಕ ಸಂಖ್ಯೆ ಕೇಳುತ್ತದೆ, ಯುಪಿಐ ಪಿನ್ ಕೇಳುವುದಿಲ್ಲ. ಗುತ್ತಿಗೆದಾರರ ಹೆಸರು ಅಲ್ಲಿನ ನೋಂದಾಯಿತ ಪಟ್ಟಿಯಲ್ಲಿದೆಯೇ, ಪ್ಯಾನೆಲ್‌ನೊಳಗೆ ಬಿಸಿಲನ್ನು ವಿದ್ಯುತ್ತಾಗಿಸುವ ಸೆಲ್ ಸಹ ಭಾರತದಲ್ಲೇ ತಯಾರಾದದ್ದೇ ನೋಡಿಕೊಳ್ಳಿ. ಎರಡರಲ್ಲಿ ಒಂದು ತಪ್ಪಿದರೂ ಸಬ್ಸಿಡಿ ಸಿಗದು.